ಬೈಯಲಿಕ್ಕೂ ಒಂದು ಮುಖ ಬೇಕು

ಅಣ್ಣಿಗೇರಿಯ ಒಂದೇ ಅಂಗಡಿಯಲ್ಲಿ, ಒಂದೇ ಕೌಂಟರಿನ ಹಿಂದೆ ನಿಂತು ನಾನು ಮುದುಕನಾದೆ. ಮಿಕ್ಸರ್, ಕುಕ್ಕರ್, ಫ್ಯಾನು, ಬೆಳೆಗೆ ಔಷಧ ಹೊಡೆಯುವ ಪಂಪು, ಮನೆಯಲ್ಲೇ ಹಿಟ್ಟು ಬೀಸುವ ಸಣ್ಣ ಗಿರಣಿ, ಇವನ್ನು ಮಾರುವುದು ನನ್ನ ಕೆಲಸ. ಮೊನ್ನೆ ಮೊಣಕಾಲು ‘ಇನ್ನು ಸಾಕಪ್ಪ’ ಅಂದವು, ಬಿಟ್ಟೆ. ಬಿಡುವ ದಿನ ನಮ್ಮ ಮಾಲೀಕರು, ಊರೆಲ್ಲ ಸಾವಕಾರರು ಅಂತ ಕರೆಯುವವರು, ನನ್ನನ್ನು ಕೂರಿಸಿಕೊಂಡು, “ಈರಣ್ಣ, ಹೊಸದಾಗಿ ಬಂದ ಹುಡುಗೂರಿಗೆ ನಾಕ ಮಾತು ಬರದು ಕೊಡು. ಬಾಯಿಲೆ ಹೇಳಿದ್ರ ಅವು ಫೋನ್ ನೋಡಕೋತ ನಿಂದರತಾವು” ಅಂದರು. ಅದಕ್ಕೇ ಬರೆಯುತ್ತಿದ್ದೇನೆ. ಇದನ್ನೂ ಅವರು ಫೋನಿನಲ್ಲೇ ಓದುತ್ತಾರೆ ಅನ್ನುವುದು ಬೇರೆ ಮಾತು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿಮಗೊಬ್ಬ ಗಿರಾಕಿ ಸಿಗುತ್ತಾನೆ. ಎಲ್ಲ ಯಂತ್ರಗಳನ್ನೂ ಇಳಿಸುತ್ತಾನೆ, ಎಲ್ಲದರ ಗುಂಡಿ ಒತ್ತುತ್ತಾನೆ, ನಿಮ್ಮ ಚಹಾ ಕುಡಿಯುತ್ತಾನೆ. ಆಮೇಲೆ ಜೇಬಿನಿಂದ ಫೋನು ತೆಗೆದು, “ಇದರಾಗ ಹಿಂಗ ಬರದಾರಲ್ಲ?” ಅನ್ನುತ್ತಾನೆ. ಆಗ ನಿಮಗೆ ಸಿಟ್ಟು ಬರುತ್ತದೆ. ಫೋನೇ ಎಲ್ಲ ಹೇಳುವುದಾದರೆ ಈ ಸುಡುಗಾಡು ಕೌಂಟರಿನಲ್ಲಿ ನಾನೇಕೆ ನಿಂತಿದ್ದೇನೆ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಅದೂ ಒಂದು ದಿನವಲ್ಲ, ಕೆಲಸದ ಕೊನೆಯ ವರ್ಷಗಳಲ್ಲಿ ದಿನಾ ಬೆಳಿಗ್ಗೆ ಶಟರ್ ಎತ್ತುವಾಗ ಅದೇ ಪ್ರಶ್ನೆ.

ಫೋನು ಬರುವ ಮೊದಲು ಮಂದಿ ಏನನ್ನೂ ಹುಡುಕದೆ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು ಅಂದುಕೊಳ್ಳಬೇಡಿ. ನಮ್ಮ ಕಡೆಯವರು ಹುಟ್ಟಾ ಚೌಕಾಶಿ ಮಂದಿ, ನಾಲ್ಕು ಕಡೆ ವಿಚಾರಿಸದೆ ಕೊಳ್ಳುವವರಲ್ಲ. ಆಗ ಹುಡುಕುವ ದಾರಿ ಒಂದೇ ಇತ್ತು: “ಇದು ಯಾರ ಮನ್ಯಾಗ ಐತಿ?” ಬೆಲೆ ಕೇಳುವ ಮೊದಲು ಈ ಪ್ರಶ್ನೆ. ನಾನು, “ಹೆಬಸೂರ ರಸ್ತೆಯ ಮಾಸ್ತರ ಮನ್ಯಾಗ ಐತ್ರಿ” ಅಂದರೆ ಗಿರಾಕಿ ಅಂಗಡಿಯಿಂದ ನೆಟ್ಟಗೆ ಆ ಮನೆಗೇ ಹೋಗುತ್ತಿದ್ದ. ಅಲ್ಲಿ ಚಹಾ, ಅವಲಕ್ಕಿ, ಊರ ಸುದ್ದಿ ಎಲ್ಲ ಮುಗಿದ ಮೇಲೆ ಮಿಕ್ಸರಿನ ಮಾತು. ಮಾಸ್ತರರ ಹೆಂಡತಿ “ಸಪ್ಪಳ ಭಾಳ ಮಾಡತೈತಿ” ಅಂದುಬಿಟ್ಟರೆ ನನ್ನ ವ್ಯಾಪಾರ ಹರೋಹರ. ಅದಕ್ಕೇ ಅಂಥ ಮನೆಗಳ ಯಂತ್ರ ಕೆಟ್ಟಿತು ಅಂದರೆ ನಾನು ಉಣ್ಣುವ ತಾಟು ಬಿಟ್ಟು ಓಡುತ್ತಿದ್ದೆ. ಒಬ್ಬ ಮಾಸ್ತರಿಣಿಯ ಬಾಯಿ ಹತ್ತು ಮಿಕ್ಸರ್ ಮಾರುತ್ತದೆ, ಇಲ್ಲವೇ ಹತ್ತನ್ನು ಕೆಡಿಸುತ್ತದೆ.

ಇನ್ನು ಮನೆ ಗಿರಣಿಯ ಪದ್ಧತಿಯೇ ಬೇರೆ. ಅದನ್ನು ಬರೀ ನೋಡಿ ನಮ್ಮ ಹೆಣ್ಣುಮಕ್ಕಳು ತೆಗೆದುಕೊಳ್ಳುವವರಲ್ಲ. ತಮ್ಮ ಹೊಲದ ಜೋಳ ತಾವೇ ತರಬೇಕು, ಅಂಗಡಿಯಲ್ಲಿ ಬೀಸಿಸಬೇಕು, ಹಿಟ್ಟು ಮನೆಗೆ ಒಯ್ದು ರೊಟ್ಟಿ ಬಡಿಯಬೇಕು, ಮರುದಿನ ಬಂದು ತೀರ್ಪು ಹೇಳಬೇಕು. ಹಿಟ್ಟಿಗೆ ಜಿಗಿ ಇದ್ದರೆ, ಅಂದರೆ ನಾದಿದಾಗ ಅಂಟಿಕೊಂಡು ಬಂದರೆ, ರೊಟ್ಟಿ ಬಡಿದಷ್ಟೂ ಅಗಲವಾಗುತ್ತದೆ. ಜಿಗಿ ಇಲ್ಲದಿದ್ದರೆ ಅಂಚು ಹರಿಯುತ್ತದೆ. ಕಂಪನಿಯವರು ಪುಸ್ತಕದಲ್ಲಿ ಏನೇ ಬರೆದಿರಲಿ, ರೊಟ್ಟಿ ಹರಿಯಿತು ಅಂದರೆ ಗಿರಣಿ ಕೆಟ್ಟದ್ದು. ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಫೋನು ಹಿಡಿದು ಬಂದ ನನ್ನ ಮೊದಲ ಗಿರಾಕಿ ಗುಡಗೇರಿಯ ಚನ್ನಬಸಪ್ಪ. ನಮ್ಮೂರಿಗೆ ಬೀಗರ ಮನೆಗೆ ಬಂದವನು ಅಂಗಡಿಗೂ ಬಂದ. ಫೋನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, “ಈ ಪಂಪ ಕೊಡ್ರಿ” ಅಂದ.

“ಇದು ನಮ್ಮ ಕಡೆ ಇಲ್ಲರಿ ಯಜಮಾನ್ರ. ಇದರಕಿಂತ ಗಟ್ಟಿ ಮಾಲು ಐತಿ, ನೋಡ್ರಿ.”

“ನೀವೇನು ಹೇಳತೀರಿ! ಸರ್ಚ್ ಹೊಡದ್ರ ಮೊದಲನೇ ನಂಬರಿಗೆ ಇದ ಬಂದೈತಿ. ಇಷ್ಟ ದೊಡ್ಡ ಅಂಗಡಿ ಇಟಗೊಂಡು ಒಂದನೇ ನಂಬರಿನ ಮಾಲು ಇಡಂಗಿಲ್ಲೇನು?”

ನನ್ನ ಮುಖ ಸಣ್ಣದಾಯಿತು. ಯಾವುದೋ ಸರಕಾರಿ ಕಚೇರಿಯಲ್ಲಿ ದೊಡ್ಡ ಸಾಹೇಬರು ಕೂತು, ಎಲ್ಲ ಪಂಪುಗಳನ್ನೂ ಹೊಡೆದು ನೋಡಿ, ಪಾಸಾದದ್ದಕ್ಕೆ ಒಂದು, ಎರಡು ಅಂತ ನಂಬರು ಹಚ್ಚುತ್ತಾರೆ ಅಂತಲೇ ನಾನು ನಂಬಿದೆ. ನಂಬಿದ್ದು ಸಾಲದು ಅಂತ ಬಂದ ಗಿರಾಕಿಗಳಿಗೂ ಹೇಳತೊಡಗಿದೆ. ಮಳೆಗಾಲ ಮುಗಿಯುವವರೆಗೆ ನಾನೇ ಕೈಯಾರೆ ಬೇರೆಯವರ ಪಂಪು ಮಾರಿಕೊಟ್ಟೆ ಅನ್ನಿ. ಕಡೆಗೆ ಕಂಪನಿಯ ಒಬ್ಬ ಏಜೆಂಟ್ ಬಂದು, ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಮೊದಲ ಹೆಸರಿನ ಬಾಜುವಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಒಂದು ಪದ ತೋರಿಸಿದ: ‘ಪ್ರಾಯೋಜಿತ’.

“ಅಂದ್ರ?”

“ಅಂದ್ರ ರೊಕ್ಕ ಕೊಟ್ಟಾವ ಮ್ಯಾಲ ಕುಂತಾನ ಅಂತ ಕಾಕಾ.”

ಕೇಳಿಸಿಕೊಳ್ಳುತ್ತಿದ್ದ ಸಾವಕಾರರು ದುಡ್ಡಿನ ಗಲ್ಲೆಯ ಮೇಲಿಂದಲೇ ಕೂಗಿದರು: “ಏ ಈರಣ್ಣ, ಗುಡಗೇರಿ ಸಂತ್ಯಾಗ ಬಾಯಿಕಡೆ ಕುಂತಾವರ ಬದನೀಕಾಯಿ ಅಷ್ಟ ಚಲೋ ಇರತಾವೇನು? ಒಳಗ ಹೋಗಿ ನೋಡಬೇಕೋ ಬ್ಯಾಡೋ?” ಆ ಮಾತು ನನ್ನ ತಲೆಯಲ್ಲಿ ನಿಂತಿತು. ಮುಂದೆ ಯಾರೇ ಫೋನು ತೋರಿಸಿದರೂ, “ಸಂತಿ ಒಳಗ ನಡೀರಿ, ಇನ್ನೂ ಕೆಳಗ ನೋಡ್ರಿ” ಅನ್ನುತ್ತಿದ್ದೆ. ನೀವೂ ಅನ್ನಿ. ಫೋನಿನ ಮೇಲೆ ಸಿಟ್ಟಾಗಬೇಡಿ, ಓದುವುದು ಹೇಗೆ ಅಂತ ತೋರಿಸಿಕೊಡಿ. ಗಿರಾಕಿ ನಿಮ್ಮವನಾಗುತ್ತಾನೆ.

ಇಷ್ಟು ಜಾಣತನದ ಮಾತಾಡಿದ ಸಾವಕಾರರು ಮುಂದಿನ ವರ್ಷವೇ ಒಂದು ಬೋರ್ಡು ಬರೆಸಿ ಗೋಡೆಗೆ ಹೊಡೆದರು: ‘ಅಂಗಡಿಯಲ್ಲಿ ಮೊಬೈಲ್ ತೆಗೆಯಬಾರದು.’ ಅವರ ಸಂಕಟ ಸುಳ್ಳಲ್ಲ. ಮಂದಿ ಇಲ್ಲಿ ಮುಟ್ಟಿ ನೋಡಿ ಅಲ್ಲಿ ಕೊಳ್ಳುತ್ತಿದ್ದರು. “ಫೋನ್ ತಗದಾವಗ ಗುಂಡಿ ಒತ್ತಿ ತೋರಸಬ್ಯಾಡ. ನಮ್ಮದೇನು ಪ್ರದರ್ಶನದ ಅಂಗಡಿ ಅಲ್ಲ” ಅಂತ ಕಟ್ಟಪ್ಪಣೆ ಆಯಿತು. ಬೋರ್ಡಿನ ಬಣ್ಣ ಆರಿರಲಿಲ್ಲ, ಒಂದು ದಿನ ಅಂಗಡಿ ತುಂಬ ಗಿರಾಕಿಗಳಿರುವಾಗ ಪಾರ್ಸಲ್ಲಿನ ಹುಡುಗ ಬಂದ. ಸಾವಕಾರರ ಪೂರಾ ಹೆಸರನ್ನು ಗಟ್ಟಿಯಾಗಿ ಓದಿ, “ನೀವು ಫೋನಿನ್ಯಾಗ ತರಿಸಿದ್ದ ನಡಾ ಬ್ಯಾನಿ ಬೆಲ್ಟ್ ಬಂದೈತ್ರಿ” ಅಂದ. ಸಾವಕಾರರು ಬೆಲ್ಟಿನಷ್ಟೇ ಬಿಗಿಯಾಗಿ ಕೂತರು. ಗಿರಾಕಿಗಳು ನಗು ತಡೆಯಲಾರದೆ ಬಾಗಿಲಾಚೆ ಹೋಗಿ ನಕ್ಕು ಬಂದರು. ಬೋರ್ಡು ಮಾತ್ರ ಇಳಿಯಲಿಲ್ಲ.

ಅದೇ ಸುಮಾರಿಗೆ ನಮ್ಮ ಅಂಗಡಿಯನ್ನೂ ಯಾರೋ ಫೋನಿನ ನಕಾಶೆಯಲ್ಲಿ ಸೇರಿಸಿಕೊಟ್ಟರು. ಸಾವಕಾರರಿಗೆ ಹೊಸ ಹುಚ್ಚು ಹತ್ತಿತು. ದಿನಾ ಮಧ್ಯಾಹ್ನ ಗಲ್ಲೆಯ ಮೇಲೆ ಕೂತು ‘ಹತ್ತಿರದ ಮಿಕ್ಸರ್ ಅಂಗಡಿ’ ಅಂತ ಫೋನಿಗೆ ಹೇಳುವುದು, ಅದು ಗದಗಿನ ಅಂಗಡಿ ತೋರಿಸುವುದು, ಇವರು ಕೆರಳುವುದು. “ಅಲ್ಲೋ ಈರಣ್ಣ, ನಾ ಅಂಗಡ್ಯಾಗ ಕುಂತ ಕೇಳಾಕತ್ತೇನಿ, ಇದಕ್ಕ ನಾ ಕಾಣವಲ್ಲೆನ! ಕಣ್ಣ ಹೋಗ್ಯಾವೇನು ಇದಕ್ಕ?” ಒಮ್ಮೆ ಯಾರೋ ಅಂಗಡಿಗೆ ಒಂದೇ ಒಂದು ಚುಕ್ಕೆ ಕೊಟ್ಟು, ‘ರವಿವಾರ ಬಂದಿದ್ದೆ, ಬಾಗಿಲ ಹಾಕಿತ್ತು’ ಅಂತ ಬರೆದಿದ್ದರು. ಸಾವಕಾರರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಈಗ ಗಂಗವ್ವನ ಸಂಗತಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ.

ಗಂಗವ್ವ ಶಲವಡಿಯವಳು. ಮದುವೆ ಮನೆಗಳಿಗೆ, ಸುಗ್ಗಿಯಲ್ಲಿ ಆಳುಕಾಳು ಇರುವ ಮನೆಗಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ಅದು ಇಲ್ಲದ ದಿನ ಕಂಡವರ ಹೊಲದಲ್ಲಿ ಕಳೆ ತೆಗೆಯುವ ಕೂಲಿ. ಅಣ್ಣಿಗೇರಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನವರು ಇವಳ ಕೈರುಚಿ ಕೇಳಿ, ದಿನಾ ರೊಟ್ಟಿ ಕೊಡುತ್ತೀಯಾ ಅಂತ ಕೇಳಿದರು. ಹೂಂ ಅಂದರೆ ಇವಳೂ ಇವಳ ನಾದಿನಿ ಮಾದೇವಿಯೂ ಬಿಸಿಲಲ್ಲಿ ಬಾಗುವುದು ತಪ್ಪುತ್ತಿತ್ತು. ಆದರೆ ಶಲವಡಿಯ ಗಿರಣಿಯವನು ಮನಸ್ಸು ಬಂದಾಗ ಬಾಗಿಲು ತೆಗೆಯುವ ಮಹಾರಾಜ. ಅವನನ್ನು ನಂಬಿ ದಿನದ ರೊಟ್ಟಿ ಒಪ್ಪಿಕೊಳ್ಳುವುದು ಆಗದ ಮಾತು. ಮನೆಯಲ್ಲೇ ಗಿರಣಿ ಬೇಕಾಯಿತು.

ಪದ್ಧತಿಯ ಪ್ರಕಾರ ಗಂಗವ್ವ ಒಂದು ಬೋಗುಣಿ ಜೋಳ ತಂದಳು. ನಮ್ಮ ಗಿರಣಿಯಲ್ಲಿ ಬೀಸಿಸಿದೆ. ಬೋಗುಣಿಗೆ ಅರಿವೆ ಮುಚ್ಚಿಕೊಂಡು ಟಂಟಂ ರಿಕ್ಷಾದ ಹಿಂದೆ, ಗಾಳಿಗೆ ಮುಖ ಕೊಟ್ಟು ಕೂತು ಊರಿಗೆ ಹೋದಳು. ಮರುದಿನ ಮುಖ ಅರಳಿಸಿಕೊಂಡು ಬಂದು, “ಕಾಕಾ, ರೊಟ್ಟಿ ಅಗದಿ ಅರಿವಿಯಂಗ ಮೆತ್ತಗ ಆಗ್ಯಾವ್ರಿ! ನಾಳೆ ಬಂದು ಒಯ್ಯತೇನಿ” ಅಂದಳು. ನಾನು ಪೆಟ್ಟಿಗೆಯ ಧೂಳು ಒರೆಸಿ ಇಟ್ಟೆ. ನಾಳೆ ಬರಲಿಲ್ಲ. ಅದರ ನಾಳೆಯೂ ಬರಲಿಲ್ಲ. ಮೂರನೆಯ ವಾರದ ಶನಿವಾರ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

“ಏನ್ ಕಾಕಾ, ಎಂಥಾ ಗಿರಣಿ ತೋರಿಸಿ ಮಳ್ಳ ಮಾಡಿದ್ರಿ ನನಗ! ಹಿಟ್ಟಿಗೆ ಜಿಗೀನ ಇಲ್ಲ. ಬಡಿಯಾಕ ಹೋದ್ರ ರೊಟ್ಟಿ ಹರದು ಚೂರಚೂರ ಆಗತಾವು!”

ನಾನು ಗಾಬರಿಯಾದೆ. “ನಮ್ಮ ಕಡೆ ಯಾವಾಗ ಒಯ್ದಿ ಬೇ?”

“ನಿಮ್ಮ ಕಡೆ ಎಲ್ಲಿ ಒಯ್ದೇನ್ರಿ? ಮಾದೇವಿ ಫೋನಿನ್ಯಾಗ ಸರ್ಚ್ ಹೊಡದ್ಲು. ಇದಕ ಚುಕ್ಕಿ ಭಾಳ ಇದ್ದೂ, ರೇಟೂ ಕಡಿಮಿ ಇತ್ತು. ತರಿಸಿಬಿಟ್ವಿ.”

“ಮತ್ತ ನನಗ್ಯಾಕ ಬೈತಿ?”

“ಮತ್ತ ಯಾರಿಗೆ ಬೈಲ್ರಿ? ಅವರಿಗೆ ಫೋನ್ ಮಾಡಿದ್ರ ಒಂದು ಒತ್ತು, ಎರಡು ಒತ್ತು ಅಂತೈತಿ. ಒತ್ತಿ ಒತ್ತಿ ಬಟ್ಟ ನೂಸಾಕತ್ತಾವು. ಬೈಯಾಕೂ ಒಂದು ಮಖಾ ಬೇಕಲ್ರಿ ಕಾಕಾ!”

ಸಾವಕಾರರು ಗಲ್ಲೆಯಿಂದ, “ಎಲ್ಲಿ ತಗೊಂಡಿ ಅಲ್ಲೇ ಹೋಗವ್ವ. ಮದಿವಿ ಒಬ್ಬರ ಕೂಡ, ಜಗಳಾ ಮತ್ತೊಬ್ಬರ ಕೂಡೇನು?” ಅಂದರು. ಅಷ್ಟೇ ಸಾಕಾಯಿತು. ಅಲ್ಲಿಯವರೆಗೆ ಹುಲಿಯ ಹಾಗಿದ್ದ ಹೆಣ್ಣುಮಗಳು ಕೌಂಟರಿಗೆ ತಲೆ ಹಚ್ಚಿ ಅತ್ತುಬಿಟ್ಟಳು. “ಸೋಮವಾರ ಹಾಸ್ಟೆಲ್ಲಿಗೆ ರೊಟ್ಟಿ ಒಯ್ದು ತೋರಸಬೇಕ್ರಿ. ಪಾಸಾದ್ರ ವರ್ಷಪೂರ್ತಿ ನಮಗ, ಇಲ್ಲಂದ್ರ ಬ್ಯಾರೆಯವರಿಗೆ ಕೊಡತಾರಂತ. ಊರ ಗಿರಣ್ಯಾವ ಮಗಳ ಬಾಣಂತನಕ್ಕ ಅಂತ ಕೀಲಿ ಹಾಕ್ಕೊಂಡು ಹೋಗ್ಯಾನು. ಇದ್ದ ಉಳಿತಾಯ ಎಲ್ಲಾ ಈ ಹಾಳ ಗಿರಣಿಗೆ ಸುರದೇವ್ರಿ.”

ರವಿವಾರ ನನ್ನ ಬೈಕು ಹತ್ತಿ ಶಲವಡಿಗೆ ಹೋದೆ. ದೊಡ್ಡ ಮನಸ್ಸಿನ ಮನುಷ್ಯ ಅಂತ ನನ್ನನ್ನು ತಿಳಿಯಬೇಡಿ. ಅವಳ ಕಣ್ಣೀರು ಒಂದು ಪಾಲು. ಇನ್ನೊಂದು ಪಾಲು, ಆ ಫೋನಿನ ಗಿರಣಿಯ ಬಂಡವಾಳ ಏನು ಅಂತ ಬಿಚ್ಚಿ ನೋಡಿ, ಸೋಮವಾರ ಊರೆಲ್ಲ ಡಂಗುರ ಹೊಡೆಯಬೇಕು ಅನ್ನುವ ಚಪಲ. ನಮ್ಮ ಗಿರಣಿಯಲ್ಲಿ ಬೀಸಿದಾಗ ರೊಟ್ಟಿ ಅರಿವೆಯಂತಾದವು, ಅದರಲ್ಲಿ ಬೀಸಿದಾಗ ಹರಿದವು. ಇನ್ನೇನು ಸಾಕ್ಷಿ ಬೇಕು?

ಪಡಸಾಲೆಯ ನಟ್ಟನಡುವೆ ಗಿರಣಿ ಕೂತಿತ್ತು, ಕುಂಕುಮ ಹಚ್ಚಿ ಚೆಂಡುಹೂ ಏರಿಸಿಕೊಂಡು. ಬಿಚ್ಚಿದೆ. ಮೋಟಾರು ಗಟ್ಟಿ, ತಗಡು ದಪ್ಪ, ಸಪ್ಪಳವೂ ಕಡಿಮೆ. ಬೈಯಲು ಒಂದೂ ಕಾರಣ ಸಿಗಲಿಲ್ಲ, ಹೊಟ್ಟೆ ಉರಿಯಿತು. ಕಡೆಗೆ ಒಳಗಿನ, ಹಿಟ್ಟು ಸೋಸಿ ಬಿಡುವ ಜಾಳಿಗೆ ಕಣ್ಣಿಗೆ ಬಿತ್ತು. ಗೋಧಿಗೆ ಇರುವ ಅತಿ ಸಣ್ಣ ತೂತಿನ ಜಾಳಿಗೆ ಹಾಕಿ ಕಳಿಸಿದ್ದರು. “ಇದ ನೋಡವ್ವ ರೋಗ!” ಅಂತ ಗತ್ತಿನಿಂದ ಅದನ್ನು ತೆಗೆದು, ಪೆಟ್ಟಿಗೆಯಲ್ಲೇ ಇದ್ದ ದೊಡ್ಡ ತೂತಿನದನ್ನು ಹಾಕಿ ಬೀಸಿಸಿದೆ. ಗಂಗವ್ವ ಹಿಟ್ಟನ್ನು ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಒತ್ತಿಟ್ಟು, ಒಲೆ ಹಚ್ಚಿ, ಎಸರಿಟ್ಟು, ಒಂದಿಷ್ಟು ಕೆಲಸ ಮುಗಿಸಿಕೊಂಡು ಬಂದು ನಾದಿದಳು. ಬಡಿದಳು. ಮೊದಲಿಗಿಂತ ವಾಸಿ, ಆದರೂ ಅಂಚು ಹರಿಯಿತು. ನನ್ನ ಗತ್ತೂ ಅದರ ಜೊತೆಗೆ ಹರಿಯಿತು.

ಮಾದೇವಿ ಫೋನು ತೆಗೆದು, ‘ಹಿಟ್ಟಿಗೆ ಜಿಗಿ ಇಲ್ಲ, ಏನ್ ಮಾಡಬೇಕು’ ಅಂತ ಕೇಳಿದಳು. ಅದು ಪಾಪ, ತನಗೆ ಗೊತ್ತಿದ್ದದ್ದನ್ನೆಲ್ಲ ಹೇಳಿತು. ಹಾಲು ಹಾಕಿ ಕಲಸಿರಿ, ಎಣ್ಣೆ ಹಾಕಿರಿ, ಕಲಸಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಇಡಿರಿ. ಎಲ್ಲ ಚಪಾತಿಯ ಬುದ್ಧಿ. “ಜ್ವಾಳದ ಹಿಟ್ಟಿಗೆ ಹಾಲು ಹಾಕಂತೈತ್ರಿ ಕಾಕಾ! ನಮ್ಮ ಅತ್ತಿ ಇದ್ದಿದ್ರ ಈ ಫೋನ್ ಒಲಿಗೆ ಹಾಕತಿದ್ಲು” ಅಂದಳು ಮಾದೇವಿ. ಜೋಳದ ಮಂದಿ ಯಾರೂ ಅಲ್ಲಿ ಈ ಪ್ರಶ್ನೆ ಕೇಳಿರಲಿಲ್ಲ, ಯಾರೂ ಉತ್ತರ ಬರೆದಿರಲಿಲ್ಲ. ಬರೆಯದೆ ಇದ್ದದ್ದನ್ನು ಅದಾದರೂ ಎಲ್ಲಿಂದ ಹುಡುಕಿ ತರಬೇಕು?

ನನಗೆ ಬೇರೇನೂ ತೋಚಲಿಲ್ಲ. ತೋಚದವನ ಬಾಯಿಗೆ ಗಾದೆ ಬರುತ್ತದೆ. “ಗಂಗವ್ವ, ಕುಣೀಲಾರದಾಕಿ ನೆಲ ಡೊಂಕು ಅಂದಂಗ ಆತಲ್ಲ ಇದು” ಅಂದುಬಿಟ್ಟೆ. ಹಿಟ್ಟಿನ ಕೈಯನ್ನು ಹಾಗೇ ಎತ್ತಿದಳು. “ನನ್ನ ಕೈಯಿನ ರೊಟ್ಟಿ ತಿಂದು ಅರ್ಧ ಶಲವಡಿ ದೊಡ್ಡದಾಗೈತ್ರಿ! ಬೇಕಾದ್ರ ಹಿಟ್ಟು ಒಯ್ರಿ, ನಿಮ್ಮ ಮನ್ಯಾಗ ಕಾಕೂ ಕೈಲೆ ಬಡಿಸಿ ನೋಡ್ರಿ. ಆಮ್ಯಾಲ ಮಾತಾಡ್ರಿ.” ಅಲ್ಲೇ ಇನ್ನೊಮ್ಮೆ ಜೋಳ ಬೀಸಿ, ಬಿಸಿಬಿಸಿ ಹಿಟ್ಟನ್ನು ಬೋಗುಣಿಗೆ ಸುರಿದು, ಬಾಯಿಗೆ ತೆಳ್ಳನೆಯ ಹಳೆ ಧೋತರದ ಅರಿವೆ ಕಟ್ಟಿಕೊಟ್ಟಳು. ಅದನ್ನು ಗಾಡಿಯ ಹಿಂದೆ ಹಗ್ಗದಿಂದ ಬಿಗಿದುಕೊಂಡು ಹೊರಟೆ. ಎರೆಹೊಲದ ಬಯಲಿನ ಗಾಳಿ ನಿಮಗೆ ಗೊತ್ತಲ್ಲ, ಟೊಪ್ಪಿಗೆ ಹಾರಿಸಿಕೊಂಡು ಹೋಗುವಂಥದ್ದು. ಮನೆ ಮುಟ್ಟುವಷ್ಟರಲ್ಲಿ ನನ್ನ ಮೀಸೆಯೆಲ್ಲ ಧೂಳು.

ನನ್ನ ಹೆಂಡತಿ ಸುಶೀಲಾ ಹಿಟ್ಟು ನಾದಿದಳು. ಬಡಿದಳು. ರೊಟ್ಟಿ ಹುಣ್ಣಿಮೆ ಚಂದ್ರನಷ್ಟಾಯಿತು, ಅಂಚು ಹರಿಯಲಿಲ್ಲ. ಹಂಚಿಗೆ ಹಾಕಿದರೆ ಉಬ್ಬಿ ಕೂತಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾನು ತಲೆ ಕೆರೆದುಕೊಂಡು ಗಂಗವ್ವನಿಗೆ ಫೋನು ಮಾಡಿದೆ.

“ನಮ್ಮ ಮನ್ಯಾಗ ಅಗದಿ ಚಲೋ ಬಂದ್ವು ನೋಡವ್ವ.”

“ಅಂದ್ರ ನನಗ ರೊಟ್ಟಿ ಬಡಿಯಾಕ ಬರಂಗಿಲ್ಲ ಅಂತೀರೇನ್ರಿ ಕಾಕಾ?” ಅಂದಳು. ನಾಳೆಯೇ ಸೋಮವಾರ.

ಸುಶೀಲಾ ಫೋನು ಕಸಿದುಕೊಂಡಳು. “ನೀವು ಸುಮ್ಮನ ಕುಂದರ್ರಿ” ಅಂತ ನನಗೆ ಹೇಳಿ, “ಗಂಗವ್ವ, ಊರ ಗಿರಣ್ಯಾಗ ಬೀಸಿಸಿದಾಗ ಹಿಟ್ಟು ಹೆಂಗ ತರತಿದ್ದಿ ಬೇ?” ಅಂದಳು.

“ಹೆಂಗ ಅಂದ್ರ ಏನ್ರಿ ಕಾಕೂ, ಬುಟ್ಟ್ಯಾಗ ಹಾಕ್ಕೊಂಡು ತಲಿ ಮ್ಯಾಲ ಹೊತಗೊಂಡು ಬರೂದು.”

“ಗಿರಣಿ ಎಷ್ಟ ದೂರ?”

“ಊರ ಆಚಿ ತುದೀರಿ. ಹಾದ್ಯಾಗ ನಾಕ ಮನಿ ಮುಂದ ನಿಂತು ಮಾತಾಡಕೋತ ಬರತೇವ್ರಿ.”

“ಈಗ?”

“ಈಗ ಮನ್ಯಾಗ ಐತಲ್ರಿ. ಬೀಸಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚತೇನಿ.”

ಸುಶೀಲಾ ಬೋಗುಣಿಗೆ ಕಟ್ಟಿದ್ದ ತೆಳ್ಳನೆಯ ಅರಿವೆ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಅಂದಳು: “ಬಿಸಿ ಹಿಟ್ಟು ಮುಚ್ಚಿಟ್ರ ಒಳಗ ಬೆವರತೈತಿ ಬೇ ಹುಚ್ಚಿ. ಬೆವತ ಹಿಟ್ಟು ಹರಿಯದ ಇನ್ನೇನ್ ಮಾಡತೈತಿ? ನಿನ್ನ ಕೈಗೂ ಏನೂ ಆಗಿಲ್ಲ, ಗಿರಣಿಗೂ ಏನೂ ಆಗಿಲ್ಲ. ಧೋತರದ ಮ್ಯಾಲ ಹರವಿ ಗಾಳಿಗೆ ಆರಸು. ಆರಿದ ಮ್ಯಾಲ ಬಡಿ.”

ಆಗ ನನಗೆ ಬೆಳಕಾಯಿತು. ಇಷ್ಟು ವರ್ಷ ಹಿಟ್ಟು ಆರಿಸುವ ಕೆಲಸವನ್ನು ಗಿರಣಿಯಿಂದ ಮನೆಯವರೆಗಿನ ದಾರಿ ಮಾಡುತ್ತಿತ್ತು. ತಲೆಯ ಮೇಲೆ ಬುಟ್ಟಿ, ನಾಲ್ಕು ಮನೆಯ ಮಾತು, ಮೇಲೆ ಗಾಳಿ. ಅದೊಂದು ಕೆಲಸ ಅಂತ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೇ ಯಾರೂ ಯಾರಿಗೂ ಹೇಳಿರಲಿಲ್ಲ. ನಮ್ಮ ಅಂಗಡಿಯ ಹಿಟ್ಟು ಚಲೋ ಬಂದದ್ದೂ ನಮ್ಮ ಗಿರಣಿಯ ಪ್ರತಾಪದಿಂದಲ್ಲ, ಟಂಟಂನ ಗಾಳಿಯಿಂದ. ನಮ್ಮ ಕಡೆ ಕೊಂಡಿದ್ದರೂ ಅವಳ ರೊಟ್ಟಿ ಹರಿಯುತ್ತಲೇ ಇದ್ದವು. ಡಂಗುರ ಹೊಡೆಯಬೇಕು ಅಂದುಕೊಂಡಿದ್ದವನು ಬಾಯಿ ಮುಚ್ಚಿಕೊಂಡು ಉಳಿದ ರೊಟ್ಟಿ ತಿಂದೆ. ಚಲೋ ಇದ್ದವು.

ಸೋಮವಾರ ಅಂಗಡಿಯಲ್ಲಿ ನನ್ನ ಲಕ್ಷ್ಯ ಎಲ್ಲ ರಸ್ತೆಯ ಮೇಲೆ. ಒಬ್ಬರು ಕುಕ್ಕರ್ ಕೇಳಿದರೆ ಫ್ಯಾನು ಕಟ್ಟಿಕೊಟ್ಟೆ. ಊಟದ ಹೊತ್ತು ಮೀರಿದ ಮೇಲೆ ಗಂಗವ್ವ ಬಂದಳು, ತಲೆಯ ಮೇಲೆ ಬುಟ್ಟಿ. ಮುಖ ನೋಡಿಯೇ ಗೊತ್ತಾಯಿತು. “ಪಾಸಾದೆ ಕಾಕಾ! ನಾಳೆಯಿಂದ ಶುರು!” ಅಂತ ಅಂಗಡಿ ತುಂಬ ಕೇಳುವಂತೆ ಕೂಗಿದಳು. ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆಯೇನು, ಬಂತು. ಬುಟ್ಟಿಯಿಂದ ರೊಟ್ಟಿ, ಶೇಂಗಾ ಚಟ್ನಿ, ಬದನೆಯ ಎಣಗಾಯಿ ಪಲ್ಯ ತೆಗೆದು ಕೌಂಟರಿನ ಮೇಲಿಟ್ಟಳು. ನಂತರ ಎರಡು ರೊಟ್ಟಿ ಬೇರೆ ಮಾಡಿಕೊಂಡು, ‘ಅಲ್ಲೇ ಹೋಗವ್ವ’ ಅಂದಿದ್ದ ಸಾವಕಾರರ ಮುಂದೆ ಇಟ್ಟು, “ತಗೋರಿ ಸಾವಕಾರ್ರ, ಜಗಳಾ ಮುಗೀತು” ಅಂದಳು. ಅವರು ಎರಡನ್ನೂ ತಿಂದು ಮುಗಿಸಿದರು.

ಮರುದಿನ ಶಟರ್ ಎತ್ತಿದರೆ ಗೋಡೆಯ ಮೇಲಿನ ಬೋರ್ಡು ಇರಲಿಲ್ಲ. ಅಂದಿನಿಂದ ಗಿರಣಿ ನೋಡಲು ಬಂದ ಪ್ರತಿಯೊಬ್ಬರಿಗೂ, ನಮ್ಮಲ್ಲಿ ಕೊಳ್ಳಲಿ ಬಿಡಲಿ, ಹಿಟ್ಟು ಆರಿಸುವ ಮಾತು ಹೇಳುವುದು ಅಂಗಡಿಯ ರೂಢಿಯಾಯಿತು. ನೀವೂ ಹೇಳಿ. ಕೆಲವರು “ಈ ಅಂಗಡ್ಯಾವರು ಗಿರಣಿ ಬಿಟ್ಟು ಗಾಳಿ ಮಾರಾಕತ್ತಾರ” ಅಂತ ನಗುತ್ತಾರೆ. ನಗಲಿ.

ಇನ್ನೊಂದು ಸಂಗತಿ ಹೇಳಿ ಮುಗಿಸುತ್ತೇನೆ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ನಡೆದದ್ದು. ನಮ್ಮ ಮಗಳು ರೂಪಾಳನ್ನು ಕಲಘಟಗಿ ಕಡೆಯ ದೇವಿಕೊಪ್ಪಕ್ಕೆ ಕೊಟ್ಟಿದ್ದೇವೆ. ಒಂದು ಸಂಜೆ ಅವಳ ಫೋನು ಬಂತು.

“ಅಪ್ಪಾ, ಮನಿಗೆ ಒಂದು ಗಿರಣಿ ತರಿಸೂಣು ಅಂತ ಫೋನಿನ್ಯಾಗ ನೋಡಾಕತ್ತಿದ್ದೆ.”

ನನಗೆ ಚುರುಕ್ ಅಂತು. ಜೀವಮಾನವಿಡೀ ಗಿರಣಿ ಮಾರಿದ ಅಪ್ಪ ಇಲ್ಲಿ ಕೈ ಕಟ್ಟಿಕೊಂಡು ಕೂತಿದ್ದಾನೆ, ಮಗಳು ಫೋನನ್ನು ಕೇಳುತ್ತಾಳೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ. “ಕೇಳವ್ವ, ಕೇಳು. ಫೋನಿಗೆ ಎಲ್ಲಾ ಗೊತ್ತಿರತೈತಿ” ಅಂದೆ, ಸ್ವಲ್ಪ ಖಾರವಾಗಿಯೇ.

“ಸಿಟ್ಟ ಆಗಬ್ಯಾಡ್ರಿ, ಮೊದಲ ಇದನ್ನ ಕೇಳ್ರಿ. ‘ಜ್ವಾಳದ ರೊಟ್ಟಿಗೆ ಯಾವ ಗಿರಣಿ ಚಲೋ’ ಅಂತ ಕೇಳಿದ್ನಾ, ಯಾರೋ ಒಬ್ಬಾಕಿ ಬರದದ್ದು ಬಂತು. ಭಾಳ ಮಂದಿ ಉಪಯೋಗ ಆತು ಅಂತ ಒತ್ಯಾರ. ಓದತೇನಿ.”

ಸ್ಪೀಕರಿಗೆ ಹಾಕಿದೆ. ಒಳಗೆ ಕಾಳು ಹಸನು ಮಾಡುತ್ತಿದ್ದ ಸುಶೀಲಾಳೂ ಬಂದು ನಿಂತಳು. ರೂಪಾ ಓದಿದಳು:

“ಗಿರಣಿ ಚಲೋ ಐತಿ. ಜ್ವಾಳಕ್ಕ ಸಣ್ಣ ಜಾಳಿಗಿ ಹಾಕಬ್ಯಾಡ್ರಿ. ಹಿಟ್ಟು ಬಿಸಿ ಇದ್ದಾಗ ಡಬ್ಬಿ ಮುಚ್ಚಬ್ಯಾಡ್ರಿ, ಬೆವರತೈತಿ, ರೊಟ್ಟಿ ಹರೀತಾವು. ಅರಿವಿ ಮ್ಯಾಲ ಹರವಿ ಗಾಳಿಗೆ ಆರಸ್ರಿ. ಇದನ್ನ ನನಗ ಹೇಳಿದವರು ಅಣ್ಣಿಗೇರಿ ಅಂಗಡಿ ಕಾಕಾನ ಮನಿಯವರು. ಕಾಕಾಗ ಏನೂ ಗೊತ್ತಿರಲಿಲ್ಲ. ಗಿರಣಿ ನಾ ಅವರ ಕಡೆ ತಗೊಂಡಿರಲಿಲ್ಲ, ಬೈದು ಬಂದಿದ್ದೆ. ಆದ್ರೂ ರವಿವಾರ ನನ್ನ ಮನಿ ಹುಡಿಕ್ಕೊಂಡು ಬಂದ್ರು.”

ಓದುವುದು ನಿಂತಿತು. “ಅಪ್ಪಾ... ಇದು ನಮ್ಮ ಅವ್ವನಽ ಏನ್ರಿ? ನೀವೇನ್ರಿ ಇದು?” ಅಂದಳು ರೂಪಾ.

ಮಗಳು ನಮ್ಮನ್ನು ಕೇಳದೆ ಫೋನನ್ನು ಕೇಳಿದ್ದಳು, ಫೋನು ಅವಳಿಗೆ ಅವಳ ಅವ್ವನ ಮಾತನ್ನೇ ತಂದುಕೊಟ್ಟಿತ್ತು. ಸುಶೀಲಾ ಸೆರಗಿನಿಂದ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಗ್ಗಿ, “ಏ ರೂಪಾ, ಇನ್ನೊಮ್ಮಿ ಓದು” ಅಂದಳು.

“ಎಲ್ಲಾನೂ?”

“ಎಲ್ಲಾ ಬ್ಯಾಡ. ‘ಕಾಕಾಗ ಏನೂ ಗೊತ್ತಿರಲಿಲ್ಲ’ ಅಂತೈತಲ್ಲ, ಅಲ್ಲಿಂದ ಓದು.”

ನಾನೂ ಬೇಡ ಅನ್ನಲಿಲ್ಲ. ನನಗೆ ಬೇಕಾದದ್ದು ಅದರ ಮುಂದೆಯೇ ಇತ್ತು.